ಗಲ್ಲೋ, ಜೀವಾವಧಿಯೋ: ಯಾವ ಕಡೆ ನಿಲ್ಲೋದು?

ಕೊಲೆಗಾರನಿಗೆ ಗಲ್ಲೇ ಆಗಬೇಕಾ, ಸಾಯುವವರೆಗೆ ಜೈಲು ಸಾಕಾ ಅಂತ ಯೋಚಿಸುತ್ತಿದ್ದೀರಾ?

ಗಲ್ಲಿನ ಪರ ಇರುವ ದೊಡ್ಡ ಬಲ ನಮ್ಮೊಳಗಿನ ಸಿಟ್ಟು. ಅದನ್ನು ಸುಮ್ನೆ ತಳ್ಳಿಹಾಕಬೇಡಿ. 2003ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಪಕ್ಕದ ಕೋತಿಗೆ ದ್ರಾಕ್ಷಿ ಕೊಟ್ಟು ತನಗೆ ಸೌತೆಕಾಯಿ ಕೊಟ್ಟಾಗ ಕಪುಚಿನ್ ಕೋತಿಗಳು ಎಷ್ಟೋ ಸಲ ಅದನ್ನು ಮುಟ್ಟಲಿಲ್ಲ. ಅನ್ಯಾಯ ಕಂಡರೆ ಕೆರಳುವ ಗುಣ ಕಾನೂನಿಗಿಂತ, ಧರ್ಮಗ್ರಂಥಗಳಿಗಿಂತ ಹಳೆಯದು ಅಂತ ನನಗನಿಸುತ್ತದೆ. ಆದರೆ ಶಿಕ್ಷೆ ಎಷ್ಟಿರಬೇಕು ಅಂತ ಆ ಸಿಟ್ಟು ಹೇಳಲ್ಲ.

ಗಲ್ಲಿಗೆ ಹೆದರಿ ಕೊಲೆಗಳು ಜಾಸ್ತಿ ತಗ್ಗುತ್ತವೆ ಅನ್ನೋದಕ್ಕೆ ಗಟ್ಟಿ ಪುರಾವೆ ಇಲ್ಲ.

ಜೀವಾವಧಿಯ ಬಲ ಬೇರೆ. ತಪ್ಪಾಗಿದ್ದರೆ ಬಾಗಿಲು ತೆರೆಯಬಹುದು. ಬ್ರಿಟನ್‌ನಲ್ಲಿ ಟಿಮೊತಿ ಇವಾನ್ಸ್‌ನನ್ನು ಮಗಳ ಕೊಲೆಗಾಗಿ 1950ರಲ್ಲಿ ಗಲ್ಲಿಗೇರಿಸಿದರು. ಅವನ ವಿರುದ್ಧ ಸಾಕ್ಷಿ ಹೇಳಿದ್ದು ಅದೇ ಮನೆಯ ಜಾನ್ ಕ್ರಿಸ್ಟಿ. ಆ ಕ್ರಿಸ್ಟಿಯೇ ಹಲವು ಹೆಂಗಸರನ್ನು ಕೊಂದಿದ್ದ ಅಂತ 1953ರಲ್ಲಿ ಬಯಲಾಯಿತು. ಇವಾನ್ಸ್‌ಗೆ ಕ್ಷಮಾದಾನ ಸಿಕ್ಕಿದ್ದು 1966ರಲ್ಲಿ. ಅಷ್ಟರಲ್ಲಿ ಯಾರಿದ್ದರು ಅದನ್ನು ಪಡೆಯೋಕೆ?

ಮನೆಯವರನ್ನು ಕಳೆದುಕೊಂಡವರಿಗೆ ಜೈಲು ಕಡಿಮೆ ಅನಿಸಬಹುದು, ಆ ನೋವು ನಿಜ. ಆದರೂ ನನ್ನ ಆಯ್ಕೆ ಜೀವಾವಧಿಯೇ. ‘ಖಚಿತವಾದ ಕೇಸಿಗೆ ಮಾತ್ರ ಗಲ್ಲು’ ಅನ್ನುತ್ತೀರಾ? ಇವಾನ್ಸ್ ತಪ್ಪಿತಸ್ಥ ಅಂದ ಜ್ಯೂರಿಗೂ ಅದು ಖಚಿತವೇ ಆಗಿತ್ತು ಅಲ್ವಾ.