ಸ್ಟೌರ್‌ಹೆಡ್ ಚೆನ್ನಾ, ಸ್ಟೋ ಚೆನ್ನಾ?

ಇಂಗ್ಲೆಂಡಿನಲ್ಲಿ ಹಳೆಯ ಎಸ್ಟೇಟ್ ತೋಟ ನೋಡಲು ಒಂದೇ ದಿನ ಇದೆಯಾ? ನಾನಾದರೆ ಸ್ಟೌರ್‌ಹೆಡ್‌ಗೆ ಹೋಗುತ್ತೇನೆ.

ಇದು ವಿಲ್ಟ್‌ಶೈರ್‌ನಲ್ಲಿದೆ. 1740ರ ದಶಕದಲ್ಲಿ ಹೆನ್ರಿ ಹೋರ್ ಎಂಬ ಬ್ಯಾಂಕಿನ ಮಾಲೀಕ ಇದನ್ನು ಶುರು ಮಾಡಿದ. ನಡುವೆ ಇರುವ ಕೆರೆ ತಾನಾಗಿ ಆದದ್ದಲ್ಲ, ಕಣಿವೆಗೆ ಒಡ್ಡು ಕಟ್ಟಿ ನೀರು ನಿಲ್ಲಿಸಿದ್ದು. ಕೆರೆಯ ದಾರಿ ಹಿಡಿದು ಸುಮ್ನೆ ನಡೆದರೆ ಸಾಕು. ಮರಗಳ ಸಂದಿಯಲ್ಲಿ ಆಚೆ ದಡದ ಪ್ಯಾಂಥಿಯನ್ ಗುಡಿ ಕಾಣುತ್ತದೆ, ಮರೆಯಾಗುತ್ತದೆ, ಮತ್ತೆ ಕಾಣುತ್ತದೆ. ತಂಪಾದ ಗುಹೆಯೊಳಗೆ ಹೊಕ್ಕು ಹೊರಬಂದಾಗ ಅದೇ ಗುಡಿ ಹತ್ತಿರವೇ ಇರುತ್ತದೆ! ನಡೆಯುವವರ ಕಣ್ಣಿಗೆಂದೇ ಜೋಡಿಸಿದ ತೋಟ ಇದು. ಅಕ್ಟೋಬರ್ ಕೊನೆಗೆ ಹೋದರೆ ಎಲೆಗಳ ಕೆಂಪು, ಹಳದಿ ನೀರಿನಲ್ಲೂ ತುಂಬಿರುತ್ತದೆ.

ಬಕಿಂಗ್‌ಹ್ಯಾಮ್‌ಶೈರ್‌ನ ಸ್ಟೋ ತುಂಬಾ ದೊಡ್ಡದು, ನಡಿಗೆಯೂ ಜಾಸ್ತಿ. ಇದರ ಒಡೆಯನಾಗಿದ್ದ ಲಾರ್ಡ್ ಕೋಬಮ್ ತನ್ನ ರಾಜಕೀಯ ನಿಲುವನ್ನೇ ಇಲ್ಲಿ ಕಲ್ಲಿನ ಮಂಟಪ, ಮೂರ್ತಿಗಳಲ್ಲಿ ನಿಲ್ಲಿಸಿದ. ಒಂದು ಮಂಟಪದಲ್ಲಿ ನ್ಯೂಟನ್, ಷೇಕ್ಸ್‌ಪಿಯರ್ ಸೇರಿ 16 ಮಂದಿಯ ಮೂರ್ತಿಗಳಿವೆ. ಮುಂದೆ ತೋಟಗಳ ವಿನ್ಯಾಸಕ್ಕೆ ಹೆಸರಾದ ಕೇಪಬಿಲಿಟಿ ಬ್ರೌನ್ 1741ರಲ್ಲಿ ಇಲ್ಲಿ ಕೆಲಸಕ್ಕೆ ಸೇರಿದ್ದ. ಇತಿಹಾಸದ ಹುಚ್ಚಿದ್ದವರಿಗೆ ಇದೇ ಸರಿ. ಬಂಗಲೆ ಮಾತ್ರ ಈಗ ಶಾಲೆ.

ಎರಡೂ ತೋಟಗಳು ಹಳೆಯ ತಾಣಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆಯ ಕೈಯಲ್ಲಿವೆ, ಅದರ ಸದಸ್ಯರಿಗೆ ಟಿಕೆಟ್ ಬೇಡ. ಎರಡಕ್ಕೂ ರೈಲು ನಿಲ್ದಾಣ ದೂರ, ಕಾರಿದ್ದರೆ ಒಳ್ಳೆಯದು. ಮಳೆ ಬಂದ ಮರುದಿನ ಹುಲ್ಲು ಜಾರುತ್ತದೆ, ಗಟ್ಟಿ ಶೂ ಹಾಕಿಕೊಳ್ಳಿ.