ಓದನ್ನು ಮುಂದೂಡುವವರಿಗೆ ಒಂದು ಸ್ಪ್ರಿಂಗ್ ಟೈಮರ್

ತಿರುಗಿಸಿ ಬಿಟ್ಟರೆ ಗಂಟೆ ಬಾರಿಸುವ ಈ ಅಡುಗೆಮನೆಯ ಟೈಮರನ್ನು ರಾಯಚೂರಿನ ಪಾತ್ರೆ ಅಂಗಡಿಯೊಂದರಲ್ಲಿ ನಾನು ಕೊಂಡದ್ದು ಸ್ಪರ್ಧಾತ್ಮಕ ಪರೀಕ್ಷೆಯ ಓದಿಗಾಗಿ. 1980ರ ದಶಕದ ಕೊನೆಯಲ್ಲಿ ಇಟಲಿಯ ಫ್ರಾನ್ಸೆಸ್ಕೊ ಚಿರಿಲ್ಲೊ ವಿದ್ಯಾರ್ಥಿಯಾಗಿದ್ದಾಗ ಟೊಮೆಟೊ ಆಕಾರದ ಇಂಥದ್ದೇ ಟೈಮರ್ ಇಟ್ಟುಕೊಂಡು ರೂಪಿಸಿದ ‘ಪೊಮೊಡೊರೊ’ ಕ್ರಮದಲ್ಲಿ 25 ನಿಮಿಷ ಒಂದೇ ಕೆಲಸ, ಬಳಿಕ 5 ನಿಮಿಷ ಬಿಡುವು, ನಾಲ್ಕು ಸುತ್ತುಗಳಾದ ಮೇಲೆ ದೀರ್ಘ ವಿಶ್ರಾಂತಿ ಇರುತ್ತದೆ. ಸಂವಿಧಾನವನ್ನು ಪೂರ್ತಿ ಓದಬೇಕೆಂದುಕೊಂಡರೆ ಪುಸ್ತಕ ತೆರೆಯಲೂ ಮನಸ್ಸಾಗದು. ಆದರೆ 2012ರ 98ನೇ ತಿದ್ದುಪಡಿಯಿಂದ ಸೇರಿದ, ನಮ್ಮ ಕಲ್ಯಾಣ ಕರ್ನಾಟಕ ಭಾಗಕ್ಕೆ ವಿಶೇಷ ಸ್ಥಾನಮಾನ ನೀಡುವ 371(ಜೆ) ವಿಧಿಯೊಂದನ್ನೇ ಒಂದು ಸುತ್ತಿನಲ್ಲಿ ಓದಿ ಟಿಪ್ಪಣಿ ಮಾಡಿಕೊಳ್ಳುವುದಾದರೆ ಕುಳಿತುಕೊಳ್ಳಲು ಹಿಂಜರಿಕೆಯೇ ಇರುವುದಿಲ್ಲ. ಮೊಬೈಲಿನಲ್ಲೇ ಟೈಮರ್ ಇದೆಯಲ್ಲ ಎನ್ನುವವರಿದ್ದಾರೆ. ಮೊಬೈಲ್ ಕೈಗೆ ಬಂದರೆ ಓದು ಅಲ್ಲಿಗೇ ನಿಲ್ಲುತ್ತದೆ. ಈ ಡಬ್ಬಿಯಲ್ಲಿ ನೋಡಲು ಬೇರೇನೂ ಇಲ್ಲ ಎಂಬುದೇ ಇದರ ದೊಡ್ಡ ಗುಣ. ಬ್ಯಾಟರಿ ಬೇಕಿಲ್ಲ, ಕರೆಂಟು ಹೋಗಿ ಫ್ಯಾನ್ ನಿಂತರೂ ಇದು ನಿಲ್ಲುವುದಿಲ್ಲ (ರಾಯಚೂರಿನ ಮೇ ತಿಂಗಳಲ್ಲಿ ಅದೇನೂ ದೊಡ್ಡ ಸಮಾಧಾನವಲ್ಲ).

ಟಿಕ್ ಟಿಕ್ ಸದ್ದು ಜೋರಾಗಿರುವುದರಿಂದ ಇದನ್ನು ಗ್ರಂಥಾಲಯಕ್ಕೆ ಒಯ್ಯುವಂತಿಲ್ಲ. ಲೆಕ್ಕವೊಂದು ಅರ್ಧಕ್ಕೆ ಬಂದಾಗ ಗಂಟೆ ಬಾರಿಸಿದರೆ ಕಿರಿಕಿರಿಯಾಗುತ್ತದೆ. ಗಣಿತಕ್ಕೆ 50 ನಿಮಿಷದ ಸುತ್ತೇ ಮೇಲು. ಕೊಳ್ಳುವವರು 60 ನಿಮಿಷದವರೆಗೆ ಅಂಕಿಗಳಿರುವುದನ್ನು ಆರಿಸಿ, ಗಂಟೆಯ ಸದ್ದನ್ನು ಅಂಗಡಿಯಲ್ಲೇ ಕೇಳಿ ನೋಡಬೇಕು.