ಯುರಾಕ್ಸೆಸ್: ಪೋಸ್ಟ್‌ಡಾಕ್ ಹುಡುಕುವವರಿಗೆ ಎಷ್ಟು ಉಪಯುಕ್ತ?

ಪಿಎಚ್.ಡಿ. ಪ್ರಬಂಧ ಒಪ್ಪಿಸಿ, ಪೋಸ್ಟ್‌ಡಾಕ್‌ಗಾಗಿ (ಪಿಎಚ್.ಡಿ. ನಂತರದ ತಾತ್ಕಾಲಿಕ ಸಂಶೋಧನಾ ಹುದ್ದೆ) ಯುರೋಪಿನತ್ತ ನೋಡುವ ಸಂಶೋಧಕರಿಗೆ ಹಿರಿಯರು ಸಾಮಾನ್ಯವಾಗಿ ಸೂಚಿಸುವ ಜಾಲತಾಣ ಯುರಾಕ್ಸೆಸ್. ಯುರೋಪಿಯನ್ ಆಯೋಗದ ಬೆಂಬಲದಿಂದ ನಡೆಯುವ ಈ ಸೇವೆಯಲ್ಲಿ ಹುದ್ದೆ ಪ್ರಕಟಿಸುವ ವಿಶ್ವವಿದ್ಯಾಲಯವಾಗಲಿ, ಹುಡುಕುವ ಅಭ್ಯರ್ಥಿಯಾಗಲಿ ಶುಲ್ಕ ತೆರಬೇಕಾಗಿಲ್ಲ. ಖಗೋಳವಿಜ್ಞಾನದಿಂದ ಸಸ್ಯಶಾಸ್ತ್ರದವರೆಗಿನ ಪ್ರಕಟಣೆಗಳು ಇಲ್ಲಿ ಒಂದೇ ನಮೂನೆಯಲ್ಲಿ ದೊರೆಯುತ್ತವೆ.

ಇದರ ನಿಜವಾದ ಬಲವಿರುವುದು ಪಟ್ಟಿಯನ್ನು ಸೋಸುವ ಫಿಲ್ಟರ್‌ಗಳಲ್ಲಿ. ಒಂದೇ ಬಗೆಯ ಕೆಲಸಕ್ಕೆ ದೇಶದಿಂದ ದೇಶಕ್ಕೆ ಬೇರೆ ಬೇರೆ ಪದನಾಮಗಳಿರುವುದರಿಂದ ‘ಪೋಸ್ಟ್‌ಡಾಕ್’ ಎಂದು ಟೈಪಿಸಿ ಹುಡುಕಿದರೆ ಎಷ್ಟೋ ಹುದ್ದೆಗಳು ಕಣ್ತಪ್ಪಿ ಹೋಗುತ್ತವೆ. ಯುರಾಕ್ಸೆಸ್ ಸಂಶೋಧಕರನ್ನು ಆರ್1ರಿಂದ ಆರ್4ರವರೆಗೆ ನಾಲ್ಕು ಹಂತಗಳಲ್ಲಿ ವಿಂಗಡಿಸಿದೆ, ಪಿಎಚ್.ಡಿ. ಮುಗಿಸಿ ಇನ್ನೂ ಪೂರ್ಣ ಸ್ವತಂತ್ರರಾಗದವರು ಆರ್2. ಈ ಹಂತ, ವಿಷಯ ಮತ್ತು ದೇಶ ಮೂರನ್ನೂ ಆಯ್ದುಕೊಂಡರೆ ಪಟ್ಟಿ ಓದಬಹುದಾದಷ್ಟು ಕಿರಿದಾಗುತ್ತದೆ. ಆದರೆ ಪ್ರಕಟಣೆ ಬರೆಯುವವರು ಆಯಾ ಸಂಸ್ಥೆಯವರೇ ಆದ್ದರಿಂದ, ಕೆಲವರು ನಾಲ್ಕೂ ಹಂತಗಳಿಗೆ ಗುರುತು ಹಾಕಿ ಕೈತೊಳೆದುಕೊಂಡಿರುತ್ತಾರೆ.

ವೇತನದ ವಿವರದಲ್ಲಿಯೂ ಇದೇ ಏರುಪೇರು. ಜರ್ಮನಿಯ ವಿಶ್ವವಿದ್ಯಾಲಯಗಳು ಹೆಚ್ಚಾಗಿ ‘ಟಿವಿ-ಎಲ್ ಇ13’ ಎಂದಷ್ಟೇ ಬರೆಯುತ್ತವೆ. ಅದು ಬಹಿರಂಗವಾಗಿ ಲಭ್ಯವಿರುವ ವೇತನ ಶ್ರೇಣಿಯಾದ್ದರಿಂದ ಮೊತ್ತವನ್ನು ಹುಡುಕಿಕೊಳ್ಳಬಹುದು, ಆದರೆ ತೆರಿಗೆ ಮತ್ತು ಸಾಮಾಜಿಕ ವಿಮೆಯ ಕಡಿತದ ನಂತರ ಕೈಗೆ ಬರುವುದೆಷ್ಟೆಂಬ ಲೆಕ್ಕ ಅಭ್ಯರ್ಥಿಗೇ ಬಿಟ್ಟದ್ದು. ಸಂಬಳದ ಒಪ್ಪಂದವೋ, ಬರಿಯ ವಿದ್ಯಾರ್ಥಿವೇತನವೋ ಎಂಬುದನ್ನಂತೂ ಅರ್ಜಿ ಹಾಕುವ ಮೊದಲೇ ಕೇಳಿ ತಿಳಿದುಕೊಳ್ಳಬೇಕು. ಪಿಂಚಣಿ, ಆರೋಗ್ಯ ವಿಮೆಗಳೆಲ್ಲ ಅದನ್ನೇ ಅವಲಂಬಿಸಿರುತ್ತವೆ.

ನನ್ನ ದೃಷ್ಟಿಯಲ್ಲಿ ಈ ತಾಣದ ಅತಿ ಬೆಲೆಬಾಳುವ ಭಾಗವೆಂದರೆ ಅಷ್ಟಾಗಿ ಯಾರೂ ತೆರೆಯದ ‘ಹೋಸ್ಟಿಂಗ್ ಆಫರ್’ ವಿಭಾಗ. ಮೇರಿ ಕ್ಯೂರಿ ಹೆಸರಿನ ಪೋಸ್ಟ್‌ಡಾಕ್ ಫೆಲೋಶಿಪ್‌ಗೆ ಅಭ್ಯರ್ಥಿಯೂ ಆತಿಥೇಯ ಸಂಸ್ಥೆಯೂ ಸೇರಿ ಅರ್ಜಿ ಸಲ್ಲಿಸಬೇಕಾಗುತ್ತದೆ. ಅಂಥ ಜೊತೆಗಾರರನ್ನು ಹುಡುಕುವ ಪ್ರಯೋಗಾಲಯಗಳು ಇಲ್ಲಿ ತಮ್ಮ ಆಸಕ್ತಿಯನ್ನು ತಿಳಿಸಿರುತ್ತವೆ. ಪಿಎಚ್.ಡಿ. ಪದವಿ ಸಿಕ್ಕಿ ಸಾಮಾನ್ಯವಾಗಿ 8 ವರ್ಷ ಮೀರಿರಬಾರದು, ಅರ್ಜಿಯ ಕೊನೆಯ ದಿನಾಂಕಕ್ಕೆ ಹಿಂದಿನ 36 ತಿಂಗಳಲ್ಲಿ ಆತಿಥೇಯ ದೇಶದಲ್ಲಿ 12 ತಿಂಗಳಿಗಿಂತ ಹೆಚ್ಚು ನೆಲೆಸಿರಬಾರದು ಎಂಬುವು ಈ ಫೆಲೋಶಿಪ್‌ನ ಮುಖ್ಯ ಷರತ್ತುಗಳು. ಬೆಂಗಳೂರಿನಲ್ಲಿ ಪದವಿ ಮುಗಿಸಿ ನೇರವಾಗಿ ಹೊರಡುವವರಿಗೆ ಎರಡನೆಯದು ತೊಡಕೇ ಅಲ್ಲ. ಆದರೆ ಆಗಲೇ ಎರಡು ವರ್ಷದಿಂದ ಮ್ಯೂನಿಕ್‌ನಲ್ಲಿರುವ ಕನ್ನಡಿಗರೊಬ್ಬರು ಜರ್ಮನಿಯ ಮತ್ತೊಂದು ಸಂಸ್ಥೆಯನ್ನು ಆತಿಥೇಯವಾಗಿ ಆರಿಸಿಕೊಳ್ಳುವಂತಿಲ್ಲ. ಆತಿಥೇಯರ ಆಸಕ್ತಿಯೇನೂ ಹುದ್ದೆಯ ಭರವಸೆಯಲ್ಲ, ಸ್ಪರ್ಧೆ ಬಲು ಬಿಗಿಯಾದದ್ದು.

ಯುರಾಕ್ಸೆಸ್ ಒಂದನ್ನೇ ನೆಚ್ಚಿ ಕುಳಿತರೆ ಸಾಲದು. ಬ್ರಿಟನ್ನಿನ ಹುದ್ದೆಗಳಿಗೆ ವಾರ್ವಿಕ್ ವಿಶ್ವವಿದ್ಯಾಲಯ ನಡೆಸುವ ಜಾಬ್ಸ್.ಎಸಿ.ಯುಕೆ ಹೆಚ್ಚು ಸಮಗ್ರವಾಗಿದೆ. ಗಣಿತದವರು ಮ್ಯಾಥ್‌ಜಾಬ್ಸ್, ಕಣಭೌತವಿಜ್ಞಾನದವರು ಇನ್‌ಸ್ಪೈರ್ ನೋಡುವುದೇ ರೂಢಿ.

ಹುದ್ದೆ ಸಿಕ್ಕ ಮೇಲೂ ಈ ಜಾಲದ ಉಪಯೋಗ ಮುಗಿಯುವುದಿಲ್ಲ. 40ಕ್ಕೂ ಹೆಚ್ಚು ದೇಶಗಳಲ್ಲಿರುವ ಇದರ ಸೇವಾ ಕೇಂದ್ರಗಳು ವೀಸಾ, ಬಾಡಿಗೆ ಮನೆ, ಮಕ್ಕಳ ಶಾಲೆಯ ವಿಚಾರಗಳಲ್ಲಿ ಉಚಿತವಾಗಿ ಮಾರ್ಗದರ್ಶನ ನೀಡುತ್ತವೆ. ಕುಟುಂಬದೊಂದಿಗೆ ಹೊರಡುವವರು ಒಪ್ಪಂದಕ್ಕೆ ಸಹಿ ಹಾಕುವ ಮೊದಲೇ ಆ ಊರಿನ ಕೇಂದ್ರಕ್ಕೆ ಪತ್ರ ಬರೆಯುವುದು ಒಳಿತು.